ಶಿವರಾತ್ರಿಯ ಮರುದಿನ ಡಾಕ್ಟರಮ್ಮ ಕೇಳಿದ ಪ್ರಶ್ನೆ

ಮಾನ್ಯ ಓದುಗರೇ,

ಮಗಳ ಶಾಲೆಗೆ ರಜೆ ಅರ್ಜಿ ಬರೆದದ್ದನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ಆದಕಾರಣ ನನ್ನ ಕಾಗುಣಿತದ ತಪ್ಪುಗಳನ್ನೂ ಓರೆಕೋರೆ ಅಕ್ಷರಗಳನ್ನೂ ಮನ್ನಿಸಬೇಕಾಗಿ ಮೊದಲೇ ಕೋರುತ್ತೇನೆ.

ತರೀಕೆರೆಯ ನಮ್ಮ ಮಕ್ಕಳ ಡಾಕ್ಟರಮ್ಮನವರ ಕೊರಳಲ್ಲಿ ಸ್ಟೆತಾಸ್ಕೋಪಿನ ಜೊತೆಗೆ ದರ್ಜಿಯವರ ಹಳದಿ ಟೇಪೊಂದು ಸದಾ ತೂಗಾಡುತ್ತಿತ್ತು. ನೆಗಡಿಗೆ ಬಂದ ಮಗುವನ್ನೂ ಅವರು ಮೊದಲು ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದರು. "ಏನ್ ಮೇಡಂ, ಪೊಲೀಸ್ ಕೆಲ್ಸಕ್ಕೆ ಸೇರಿಸ್ತೀರಾ?" ಎಂದು ಲಕ್ಕವಳ್ಳಿಯವರೊಬ್ಬರು ಅಣಕಿಸಿದಾಗ, "ಮೊದ್ಲು ನಿನ್ ಹೊಟ್ಟೆ ಅಳೀತೀನಿ ಬಾರಪ್ಪ" ಎಂದು ಎದ್ದೇಬಿಟ್ಟಿದ್ದರು.

ನನ್ನ ಮಗಳನ್ನು ಅಳೆದಾಗ ಮಾತ್ರ ಅವರು ನಗಲಿಲ್ಲ. ಹೋದ ವರ್ಷಕ್ಕಿಂತ ಎತ್ತರ ಹೆಚ್ಚೇ ಆಗಿರಲಿಲ್ಲ. "ನಮ್ ವಂಶಾನೇ ಗಿಡ್ಡ ಕಣಮ್ಮ" ಎಂದರು ನಮ್ಮ ಅತ್ತೆ.

"ಗಿಡ್ಡ ಅಂತ ಬೆಳೆಯೋದೇ ನಿಲ್ತದಾ ಅಜ್ಜೀ?" ಎಂದರು ಡಾಕ್ಟರಮ್ಮ.

ನಮ್ಮ ಮನೆಯಲ್ಲಿ ಶಿವರಾತ್ರಿಯಂದು ಹಿರಿಯರು ಉಪವಾಸವಿರುತ್ತಾರೆ. ಆ ವರ್ಷ ಎರಡನೇ ತರಗತಿಯ ಮಗಳೂ ಹಟ ಹಿಡಿದು ಉಪವಾಸವಿದ್ದಳು. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಮೈ ತಣ್ಣಗೆ ಬೆವೆತಿತ್ತು. ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ರಕ್ತದ ಸಕ್ಕರೆ ನೋಡಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು.

"ಒಂದಿನದ ಉಪಾಸಕ್ಕೆ ಸಕ್ಕರೆ ಇಷ್ಟು ಇಳಿಬಾರ್ದು ಕಣ್ರೀ. ಹುಟ್ಟಿದಾಗ ಏನಾದ್ರೂ ತೊಂದ್ರೆ ಇತ್ತಾ?"

"ಏನಿಲ್ಲ ಮೇಡಂ, ಒಂದ್ ಕಣ್ಣು ಮಂಜು ಅಷ್ಟೆ. ಸ್ಕ್ಯಾನ್ ಮಾಡಿ, ಮಿದುಳಿನ ಮಧ್ಯಭಾಗ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ ಅಂದಿದ್ರು. ಕಣ್ಣಿನ ವಿಷ್ಯ ಅಲ್ವಾ, ಇಲ್ಲಿ ಹೇಳಿರ್ಲಿಲ್ಲ" ಎಂದೆನು.

"ಅಯ್ಯೋ ತಾಯಿ, ಅದೇ ಕಣೇ!" ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದರು. ಮಿದುಳಿನ ತಳದಲ್ಲಿ ಒಂದು ಪುಟ್ಟ ಗ್ರಂಥಿಯಿದೆಯೆಂದೂ, ಬೆಳವಣಿಗೆಗೆ, ರಕ್ತದ ಸಕ್ಕರೆ ಕಾಯುವುದಕ್ಕೆ ಬೇಕಾದ ಹಾರ್ಮೋನುಗಳಿಗೆ ಅಪ್ಪಣೆ ಹೊರಡುವುದು ಅಲ್ಲಿಂದಲೇ ಎಂದೂ ವಿವರಿಸಿದರು. "ಮಿದುಳು ಹಿಂಗಿದ್ರೆ ಅದೂ ಕೈಕೊಡಬಹುದು. ಎಲ್ರಿಗೂ ಹಂಗಾಗಲ್ಲ. ಆದ್ರೆ ನೋಡ್ಲೇಬೇಕು."

ಶಿವಮೊಗ್ಗದ ತಜ್ಞರಿಗೆ ತಾವೇ ಫೋನು ಮಾಡಿ ಅಂದೇ ನಮ್ಮನ್ನು ಕಳುಹಿಸಿದರು. ಡಾಕ್ಟರಮ್ಮನವರ ಊಹೆ ನಿಜವಾಗಿತ್ತು. ಕೊರತೆಯಿದ್ದ ಹಾರ್ಮೋನಿನ ಗುಳಿಗೆ ಶುರುವಾಯಿತು, ಆಮೇಲೆ ಬೆಳವಣಿಗೆಯ ಇಂಜೆಕ್ಷನ್. ಜ್ವರದಲ್ಲಿ ಮೈಗೆ ಆ ಹಾರ್ಮೋನು ಹೆಚ್ಚು ಬೇಕಂತೆ. ಜ್ವರ ಬಂದರೆ ಗುಳಿಗೆ ಎಷ್ಟು ಹೆಚ್ಚಿಸಬೇಕು, ವಾಂತಿಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೇಗೆ ಓಡಬೇಕು ಎಂಬುದನ್ನು ಡಾಕ್ಟರಮ್ಮ ನನ್ನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದರು. ಮುಂದಿನ ಶಿವರಾತ್ರಿಗೆ ಅತ್ತೆಯೇ ಮಗಳ ಬಾಯಿಗೆ ಬಾಳೆಹಣ್ಣು ತುರುಕಿ, "ಶಿವಂಗೆ ನಾನ್ ಹೇಳ್ಕಂತೀನಿ, ನೀನ್ ತಿನ್ನೇ" ಎಂದರು!

ಡಾಕ್ಟರಮ್ಮ ಕಳೆದ ವರ್ಷ ತೀರಿಕೊಂಡರು.

ಮೊನ್ನೆ ಮಗಳಿಗೆ ಜೋರು ಜ್ವರ ಬಂದಿತು. ಡಾಕ್ಟರಮ್ಮ ಕಲಿಸಿದ್ದಂತೆಯೇ ಗುಳಿಗೆ ಹೆಚ್ಚಿಸಿ ಕೊಟ್ಟೆನು. ಬೆಳಗಾದಾಗ ಎದ್ದು ಕುಳಿತು, "ಅಮ್ಮಾ, ದೋಸೆ ಎಲ್ಲಿ?" ಎಂದು ಜಗಳ ತೆಗೆದಳು! ಆ ಸಂತೋಷಕ್ಕೆ ಮೊಬೈಲ್ ಎತ್ತಿ ಡಾಕ್ಟರಮ್ಮನವರ ನಂಬರನ್ನೇ ಒತ್ತಿದ್ದೆನು. ಆಮೇಲೆ ನೆನಪಾಯಿತು. ಯಾರಿಗಾದರೂ ಹೇಳಲೇಬೇಕಾಗಿದ್ದ ಈ ಸುದ್ದಿಯನ್ನು ಆದ್ದರಿಂದ ತಮಗೆ ತಿಳಿಸಿರುತ್ತೇನೆ. ತಪ್ಪುಗಳು ಕಂಡಲ್ಲಿ ತಾವೇ ತಿದ್ದಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ.