ಕಪ್ಪಾಗದ ಅಂಗೈ

ಮೊನ್ನೆ ವೋಟು ಹಾಕಲು ಹೋಗಿದ್ದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ ನನ್ನ ಎಡಗೈ ತೋರುಬೆರಳು ಹಿಡಿದು ಶಾಯಿಯ ಗೆರೆ ಎಳೆದಳು. ಎಳೆದಾಗ ನೇರಳೆ ಬಣ್ಣವಿತ್ತು. ಬಿಸಿಲಲ್ಲಿ ನಡೆದು ಮನೆ ಸೇರುವಷ್ಟರಲ್ಲಿ ಕಪ್ಪಗಾಗಿತ್ತು. ಸೋಪು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಹೋಗುವುದಿಲ್ಲವೆಂದು ನನಗೆ ಗೊತ್ತು. ಅದರಲ್ಲಿ ಬೆಳ್ಳಿ ಕರಗಿಸಿದ ಔಷಧವಿರುತ್ತದೆ. ಆ ಔಷಧದ ಗುಣವನ್ನು ನನಗೆ ಹೇಳಿಕೊಟ್ಟವರು, ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಸೈನ್ಸ್ ಮೇಷ್ಟ್ರು. ಅವರನ್ನು 'ಅವರು' ಎಂದು ಬರೆಯುತ್ತಿರುವುದು ಅಭ್ಯಾಸಬಲದಿಂದ, ಮರ್ಯಾದೆಯಿಂದಲ್ಲ.

ಎರಡನೇ ಮಹಾಯುದ್ಧದ ಕಾಲ. ನಾನು ಮದುವೆಯಾಗಿ ಹೊಸೂರಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮ ಮನೆ ಆಲಸನತ್ತಂ ಕಡೆಗೆ, ಊರು ಮುಗಿದು ಹೊಲ ಶುರುವಾಗುವ ಜಾಗದಲ್ಲಿತ್ತು. ಗಂಡ ಪರಸ್ಥಳದಲ್ಲಿ ನೌಕರಿಗಿದ್ದರು. ಮನೆಯಲ್ಲಿ ನಾನು, ಅತ್ತೆ, ಹಿತ್ತಲಲ್ಲಿ ಬಾವಿ. ಬಾವಿಯನ್ನೂ ಮನೆಮಂದಿಯ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ ಅತ್ತೆ ಸೇರಿಸುತ್ತಿದ್ದರು. ಬೀದಿಗೆಲ್ಲ ಅದೊಂದೇ ಸಿಹಿನೀರಿನ ಬಾವಿ. ಯಾರ ಮನೆಯಲ್ಲಿ ಬಾಣಂತಿಯಿದ್ದರೂ, ನೆಂಟರು ಬಂದರೂ, ಕೊಡ ಹಿಡಿದು ನಮ್ಮ ಹಿತ್ತಲಿಗೇ ಬರುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಸೇದಿಸಿ ಕಳಿಸುತ್ತಿದ್ದರು, ಆ ನೀರನ್ನೆಲ್ಲ ತಾವೇ ಹೆತ್ತ ಹಾಗೆ.

ಮೇಷ್ಟ್ರು ಬಂದ ವಾರವೇ ತಮ್ಮ ವಿದ್ಯೆ ತೋರಿಸಿದರು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕಂದು ಬಣ್ಣದ ಪುಟ್ಟ ಸೀಸೆಯಿಂದ ನಮ್ಮ ಬಾವಿಯ ನೀರಿಗೆ ನಾಲ್ಕು ಹನಿ ಬಿಟ್ಟರು. ಗಾಜಿನ ಕೊಳವೆಯಲ್ಲಿ ನೀರು ಎಲ್ಲೋ ಒಂದಿಷ್ಟು ಮಬ್ಬಾಯಿತು. ಉಪ್ಪು ಹೆಚ್ಚಿದ್ದರೆ ಹಾಲು ಒಡೆದ ಹಾಗೆ ಬೆಳ್ಳಗಾಗುತ್ತದಂತೆ. "ಇಂಥ ನೀರು ಸುತ್ತ ಹತ್ತೂರಲ್ಲಿ ಇಲ್ಲ ತಾಯಿ," ಎಂದರು. ಅತ್ತೆ ಹಿಗ್ಗಿ ಅಂದೇ ಅವರ ಮಧ್ಯಾಹ್ನದ ಊಟವನ್ನೂ ನಮ್ಮಲ್ಲೇ ಗೊತ್ತುಮಾಡಿಬಿಟ್ಟರು. ಬೆರಳಿಗೆ ಬಟ್ಟೆ ಏಕೆಂದು ನಾನು ಕೇಳಿದೆ. ಇದು ಮೈಮೇಲೆ ಬಿದ್ದು ಬಿಸಿಲು ಕಂಡರೆ ಕಪ್ಪಾಗುತ್ತದೆ, ಆ ಚರ್ಮವೇ ಸುಲಿದು ಹೋಗುವವರೆಗೆ ಕಲೆ ಬಿಡದು ಎಂದರು. ಅವರ ಬೆರಳ ತುದಿಗಳು ಸದಾ ಕಪ್ಪಗಿದ್ದವು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನೂ ಅವರೇ ಕಲಿಸಿದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅವರೆಂದರೆ ನನಗೆ ದೇವರೇ ಆಗಿಹೋದರು… ಆ ವಯಸ್ಸಿನ ಪೆದ್ದುತನ.

ಆ ಹೊತ್ತಿಗೆ ನಮ್ಮ ಮನೆಯ ಮೇಲ್ಗಡೆಯ ದಿಣ್ಣೆಯಲ್ಲಿ ತೊಗಲು ಹದ ಮಾಡುವ ಮಂಡಿಯೊಂದು ಶುರುವಾಗಿತ್ತು. ಸಿಪಾಯಿಗಳ ಬೂಟಿಗೆ ತೊಗಲು ಬೇಕಿತ್ತು. ಉಪ್ಪು ಸವರಿ ಬಂದ ತೊಗಲನ್ನು ತೊಳೆದ ನೀರು, ತಂಗಡಿ ಗಿಡದ ತೊಗಟೆ ನೆನೆಸಿದ ಕೆಂಪು ನೀರು, ಎಲ್ಲ ಸೇರಿ ನಮ್ಮ ಹಿತ್ತಲ ಪಕ್ಕದ ಕಾಲುವೆಯಲ್ಲೇ ಹರಿಯುತ್ತಿತ್ತು. ಬೀದಿಯವರು ಗಲಾಟೆ ಮಾಡಿದಾಗ ಮೇಷ್ಟ್ರು ಎದ್ದು ನಿಂತರು. ಮಂಡಿಯಲ್ಲಿ ಮೂರು ಗುಂಡಿ ತೋಡಿಸಿ ಸುಣ್ಣ, ಇದ್ದಿಲು, ಮರಳು ತುಂಬಿಸಿದರು. ಈ ಕಡೆಯಿಂದ ಕೆಂಪು ನೀರು ಹೋಗಿ ಆ ಕಡೆಯಿಂದ ತಿಳಿಯಾಗಿ ಬಂತು. ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಅದರ ಮೇಲೆ ಅವರು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯತೊಡಗಿದರು. ಮದ್ರಾಸಿನಲ್ಲಿ ದೊಡ್ಡವರ ಮುಂದೆ ಓದಬೇಕಂತೆ. ನಡಿಗೆಯೇ ಬದಲಾಯಿತು. ಕೆಮ್ಮಿದರೂ ಒಂದು ಗತ್ತಿನಿಂದ ಕೆಮ್ಮುತ್ತಿದ್ದರು.

ಅತ್ತೆಯೊಬ್ಬರೇ ಒಪ್ಪಲಿಲ್ಲ. "ಬಣ್ಣ ಹೋದ್ರೆ ಉಪ್ಪೂ ಹೋಗ್ಬುಡ್ತದಾ ಮೇಷ್ಟ್ರೆ?" ಎಂದು ಮುಖಕ್ಕೇ ಕೇಳಿದರು. ಮೇಷ್ಟ್ರು ನಕ್ಕರು. ಓದಿದವರು ಓದದವರಿಗೆ ನಗುವ ನಗು.

ಆರೇಳು ತಿಂಗಳಾಗಿರಬೇಕು. ಒಂದು ದಿನ ಅತ್ತೆ ಒಲೆಯ ಮುಂದೆ ಕೂತು ಮಡಕೆಯಿಂದ ಹುರುಳಿ ಕಾಳು ತೆಗೆದು ಹಿಸುಕುತ್ತಿದ್ದರು. "ಬೆಳಿಗ್ಗೆಯಿಂದ ಉರಿ ಹಾಕ್ತಾ ಇವ್ನಿ, ಕಾಳು ಕಲ್ಲಂಗೇ ಐತೆ. ನಮ್ಮ ನೀರು ಕೆಟ್ಟೋಯ್ತು ಕಣಮ್ಮಿ." ನಾನು ಒಂದು ಲೋಟ ನೀರು ಹಿಡಿದು ಮೇಷ್ಟ್ರ ಕೋಣೆಗೆ ಓಡಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಬಟ್ಟೆ ಸುತ್ತಿಕೊಂಡು ಹನಿ ಬಿಟ್ಟರು. ನೀರು ಹಾಲು ಒಡೆದ ಹಾಗೆ ಬೆಳ್ಳಗಾಯಿತು. ನಾನು ಅವರ ಮುಖ ನೋಡಿದೆ. "ಕೊಳವೆ ಸರಿಯಾಗಿ ತೊಳೆದಿರಲಿಲ್ಲ ತಾಯಿ," ಎಂದು ಕಿಟಕಿಯಾಚೆ ಚೆಲ್ಲಿದರು. ನಾನು ನಂಬಿದೆ! ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುವುದು ಆ ಮಾತಿಗೆ.

ಅತ್ತೆ ಸುಮ್ಮನಿರುವ ಹೆಂಗಸಲ್ಲ. ಬೀದಿಯವರ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಕೊಡಿಸಿದರು. ಸೇಲಂನಿಂದ ಅಧಿಕಾರಿಯೊಬ್ಬರು ಬಂದರು. ಬಾವಿಯ ನೀರು ಉಪ್ಪಾಗಿದ್ದರೆ ಮಂಡಿಯ ಕಾಲುವೆಯನ್ನು ಆಚೆ ತಿರುಗಿಸಬೇಕು, ಇಲ್ಲದಿದ್ದರೆ ಇದ್ದ ಹಾಗೇ ಇರಲಿ ಎಂದು ತೀರ್ಮಾನ. ಪರೀಕ್ಷೆ ಮಾಡಬೇಕಾದವರು ಯಾರು? ಊರಿಗೊಬ್ಬರೇ ವಿಜ್ಞಾನಿ, ನಮ್ಮ ಮೇಷ್ಟ್ರು.

ನಾನೇ ನೀರು ಸೇದಿ, ಲೋಟವನ್ನು ಅಂಗೈ ಮೇಲಿಟ್ಟುಕೊಂಡು ನಿಂತೆ. ಬಾವಿಕಟ್ಟೆಯ ಸುತ್ತ ಬೀದಿಯೆಲ್ಲ ನೆರೆದಿತ್ತು. ಮೇಷ್ಟ್ರು ಅದೇ ಕಂದು ಸೀಸೆ ತೆರೆದು ಹನಿ ಬಿಟ್ಟರು. ಒಂದೆರಡು ಹನಿ ತಪ್ಪಿ ನನ್ನ ಅಂಗೈ ಮೇಲೆ ಬಿದ್ದವು. ಲೋಟದ ನೀರು ಬೆಳ್ಳಗಾಗಲಿಲ್ಲ, ಮಬ್ಬೂ ಆಗಲಿಲ್ಲ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಅತ್ತೆ ಎದ್ದು ಒಳಗೆ ಹೋದರು.

ಅಂಗೈ ಕಪ್ಪಾಗುತ್ತದಲ್ಲ ಎಂಬ ಭಯಕ್ಕೆ ನಾನು ಮತ್ತೆ ಮತ್ತೆ ಬಿಸಿಲಿಗೆ ಹಿಡಿದು ನೋಡಿಕೊಂಡೆ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಂಗೈ ಹೇಗಿತ್ತೋ ಹಾಗೇ ಇತ್ತು. ಆಗ ನೆನಪಾಯಿತು… ಅಂದು ಮೇಷ್ಟ್ರು ಬೆರಳಿಗೆ ಬಟ್ಟೆ ಸುತ್ತಿಕೊಂಡಿರಲಿಲ್ಲ. ಸೀಸೆಯಲ್ಲಿದ್ದದ್ದು ಬರೀ ನೀರು.

ಮರುದಿನ ನಾನೂ ಅತ್ತೆಯೂ ಅಧಿಕಾರಿ ಇಳಿದುಕೊಂಡಿದ್ದ ಬಂಗಲೆಗೆ ಹೋಗಿ ಆತನ ಮುಂದೆ ನಿಂತೆವು. ನಾನು ಅಂಗೈ ಚಾಚಿದೆ. ಕೈ ಕಪ್ಪಾಯಿತೆಂದು ಅಳುವವರನ್ನು ನೋಡಿದ್ದೇನೆ, ಕಪ್ಪಾಗಲಿಲ್ಲವೆಂದು ದೂರು ತಂದವರನ್ನು ಇವತ್ತೇ ನೋಡಿದ್ದು ಎಂದು ಆತ ತಮಿಳಿನಲ್ಲಿ ಹೇಳಿ ನಕ್ಕ. ಜವಾನನೂ ನಕ್ಕ.

ಅಂದಿನಿಂದ ಅತ್ತೆ ದಿನವೂ ಮೇಷ್ಟ್ರ ತಟ್ಟೆಗೆ ಆ ಬಾವಿಯ ನೀರಿನಲ್ಲೇ ಬೇಯಲು ಹಾಕಿದ ಹುರುಳಿ ಬಡಿಸಿದರು. "ಉಣ್ಣಿ ಮೇಷ್ಟ್ರೆ. ನೀವೇ ಒಳ್ಳೇದು ಅಂತ ಬರೆಸಿದ ನೀರು." ಅವರು ತಲೆಯೆತ್ತದೆ ಕಟಕಟ ಅಗಿದು ಉಣ್ಣುತ್ತಿದ್ದರು. ಒಂದು ದಿನವೂ ಬೇಡವೆನ್ನಲಿಲ್ಲ. ಅಷ್ಟಾದರೂ ನಾಚಿಕೆಯಿತ್ತು ಎಂದು ಕೆಲವರು ಹೇಳಬಹುದು. ನಾಚಿಕೆಯಿದ್ದವರು ಬಾಯಿ ಬಿಡುತ್ತಿದ್ದರು, ಹುರುಳಿ ಅಗಿಯುತ್ತಿರಲಿಲ್ಲ. ಮದ್ರಾಸಿಗೆ ಹೋದರು, ಪ್ರಬಂಧ ಓದಿದರು, ಶಾಲು ಹೊದ್ದು ಬಂದರು. ಮುಂದಿನ ವರ್ಷ ವರ್ಗವಾಗಿ ಹೊರಟುಹೋದರು.

ಬಾವಿಯ ನೀರು ದನವೂ ಮೂಸದ ಹಾಗಾಯಿತು. ಬೀದಿಯ ಹೆಂಗಸರು ಬರುವುದು ನಿಂತಿತು. ಅತ್ತೆ ಆ ವಯಸ್ಸಿನಲ್ಲಿ ಸೊಂಟದ ಮೇಲೆ ಕೊಡ ಹೊತ್ತು ಬೇರೆ ಬೀದಿಗೆ ನೀರಿಗೆ ಹೋದರು. ಬೇರೆಯವರ ಬಾವಿಕಟ್ಟೆಯ ಹತ್ತಿರ ಸರದಿಗೆ ಕಾಯುತ್ತಾ ನಿಂತ ಅವರನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಕೊನೆಯ ಕಾಯಿಲೆಯಲ್ಲಿ ಲೋಟ ಬಾಯಿಗಿಟ್ಟರೆ, "ನಮ್ಮ ಬಾವೀದಾ?" ಎಂದು ಕೇಳುತ್ತಿದ್ದರು. ಹೌದು ಅತ್ತೆ ಎನ್ನುತ್ತಿದ್ದೆ. ಒಂದು ಗುಟುಕು ಕುಡಿದು ಚಪ್ಪರಿಸಿ, "ಸುಳ್ಳು ಯೋಳ್ಬೇಡ," ಎನ್ನುತ್ತಿದ್ದರು.

ಮೇಷ್ಟ್ರು ತೀರಿಕೊಂಡ ಸುದ್ದಿ ಎಷ್ಟೋ ವರ್ಷದ ಮೇಲೆ ಬಂತು. ಕಣ್ಣೀರು ಬರಲಿಲ್ಲ. ಆದರೆ ನನಗೆ ಜೀವನದಲ್ಲಿ ಪಾಠವೆಂದು ಏನಾದರೂ ಹೇಳಿಕೊಟ್ಟವರು ಅವರೊಬ್ಬರೇ. ಅವರ ಕಳ್ಳತನ ಗೊತ್ತಾದದ್ದೂ ಅವರು ಕಲಿಸಿದ್ದರಿಂದಲೇ. ಅದಕ್ಕೇ ಇನ್ನೂ ಕ್ಷಮಿಸಲಾಗಿಲ್ಲ.

ಬಾವಿ ಮುಚ್ಚಿದ ಜಾಗದ ಮೇಲೆ ಈಗ ಯಾರದೋ ಮೂರಂತಸ್ತಿನ ಮನೆಯಿದೆ. ಲಾರಿಯಲ್ಲಿ ನೀರು ತರಿಸಿಕೊಳ್ಳುತ್ತಾರೆ. ವೋಟು ಹಾಕಿ ಅದರ ಮುಂದೆಯೇ ನಡೆದುಬಂದೆ. ಬೆರಳ ಮೇಲಿನ ಕಲೆ ಈ ಹೊತ್ತಿಗೂ ಅಚ್ಚಗಪ್ಪಾಗಿದೆ. ಅಂದು ಇದರಲ್ಲಿ ಸಾಸಿವೆಯಷ್ಟು ನನ್ನ ಅಂಗೈ ಮೇಲೆ ಮೂಡಿದ್ದರೆ, ಅತ್ತೆ ತಮ್ಮ ಬಾವಿಯ ನೀರು ಕುಡಿದೇ ಕಣ್ಣು ಮುಚ್ಚುತ್ತಿದ್ದರು.