ಹೂಂ ಮಾಸ್ಟರ್‌ಗೆ ಆರು ವಾರದ ಸಮಾಲೋಚನೆ

ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಬದುಕುವವನಿಗೆ ಎರಡೇ ಮಾತು ಸಾಧ್ಯ: ಹೂಂ ಮತ್ತು ಉಹೂಂ. ನಮ್ಮ ಬೀದಿಯ ದರ್ಜಿ ಈ ಎರಡರಲ್ಲೇ ಮೂವತ್ತು ವರ್ಷ ಅಂಗಡಿ ನಡೆಸಿದ, ಸಂಸಾರ ಮಾಡಿದ, ಮಗಳನ್ನು ಓದಿಸಿದ. ಗಿರಾಕಿಗಳು ಅವನನ್ನು ಹೂಂ ಮಾಸ್ಟರ್ ಎನ್ನುತ್ತಿದ್ದರು. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಸೂಜಿ ಚುಚ್ಚಿಡಲೆಂದು ಹೆಂಡತಿ ಒಂದು ಪುಟ್ಟ ದಿಂಬು ಹೊಲಿದುಕೊಟ್ಟಿದ್ದಳು. ಅದು ಮೊಳೆಗೆ ನೇತಾಡಿಕೊಂಡು ಧೂಳು ಕುಡಿಯುತ್ತಿತ್ತು. ಬಾಯಷ್ಟು ಅನುಕೂಲದ ದಿಂಬು ಬೇರೆ ಇಲ್ಲವೆಂದು ಅವನ ವಾದವಿದ್ದಿರಬೇಕು. ಅವನು ವಾದ ಮಾಡಿದ್ದನ್ನು ಕೇಳಿದವರಿಲ್ಲ.

ಹತ್ತಡಿ ಅಗಲದ ಅಂಗಡಿ. ಮುಂದೆ ಬಟ್ಟೆ ಕತ್ತರಿಸುವ ಮೇಜು ಮತ್ತು ಅವನು. ತೂಗುಹಾಕಿದ ಕೋಟುಗಳ ಸಾಲಿನ ಹಿಂದೆ ಸ್ಟೂಲಿನ ಮೇಲೆ ಹೆಂಡತಿ. ಕಾಜಾ ಹಾಕುವುದು, ಗುಂಡಿ ಕೂರಿಸುವುದು ಅವಳ ಕೆಲಸ. ನಡುವೆ ನಾಲ್ಕಡಿ ಅಂತರ. ಅವಳು ಕೋಟುಗಳ ಹಿಂದಿನಿಂದ ಮಾತಾಡುತ್ತಿದ್ದಳು, ಕೋಟುಗಳ ಮುಂದಿನಿಂದ ಹೂಂ ಬರುತ್ತಿತ್ತು. "ಮೌನ ಬಂಗಾರ ಅಂತಾರೆ," ಎನ್ನುತ್ತಿದ್ದಳು ಗಿರಾಕಿಗಳಿಗೆ. "ನಮ್ಮನೇಲಿರೋ ಬಂಗಾರಕ್ಕೆ ಬ್ಯಾಂಕಿನ ತಿಜೋರಿನೂ ಸಾಲದು."

ಒಂದು ದಿನ ಅವಳಿಗೆ ಪತ್ರ ಬಂತು. ಬೇರೊಂದು ಊರಿನ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ. ಒಪ್ಪಿಗೆ ತಿಳಿಸಲು ಆರು ವಾರ ಗಡುವು.

"ಅರ್ಜಿ ಹಾಕಲಾ ಅಂತ ಕೇಳಿದ್ದೆ, ಹೂಂ ಅಂದ್ರಿ," ಎಂದಳು. "ಕೆಲಸ ಸಿಕ್ಕಿದೆ. ಹೋಗಲಾ?"

"ಹೂಂ."

ತಾನು ಒಪ್ಪಿದ್ದು ಏನಕ್ಕೆಂದು ಅವನಿಗೆ ಹೊಳೆದದ್ದು ಎರಡು ದಿನದ ಮೇಲೆ, ಒಂದು ಪ್ಯಾಂಟಿಗೆ ಇಸ್ತ್ರಿ ಹಾಕುವಾಗ. ಪ್ಯಾಂಟು ಸುಟ್ಟಿತು.

ಸುದ್ದಿ ತಿಳಿದು ಮಗಳು ಓಡಿ ಬಂದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಯಾವುದಕ್ಕೂ ವರದಿ ಬಂದರೆ ಅರ್ಧ ವಾಸಿಯಾದಂತೆ ಎಂದು ನಂಬಿದವಳು. ಫೋನಿನಲ್ಲೇ ಅಪ್ಪನನ್ನು ಆನ್‌ಲೈನ್ ಆಪ್ತಸಮಾಲೋಚನೆಗೆ ಸೇರಿಸಿದಳು: ಬುಧವಾರ ಹನ್ನೊಂದು ಗಂಟೆಗೆ, ಆರು ವಾರ.

"ಸರಿ," ಎಂದಳು ತಾಯಿ. "ಆರು ವಾರದಲ್ಲಿ ನನ್ನ ಒಂದು ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲಿ, ಇರ್ತೀನಿ. ಇಲ್ಲದಿದ್ರೆ ಹೊರಟೆ."

"ಅಪ್ಪ, ಕೇಳಿಸ್ತಾ?"

"ಹೂಂ."

ಮೊದಲ ಬುಧವಾರ ಅವನು ಫೋನನ್ನು ದಾರದ ಡಬ್ಬಿಗೆ ಒರಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಕೆಲಸ ಹಿಡಿದೇ ಕೂತ. ಪರದೆಯಲ್ಲಿ ಎಳೆಯ ವಯಸ್ಸಿನ ಸಮಾಲೋಚಕಿ ಕಾಣಿಸಿಕೊಂಡಳು. "ನಿಮ್ಮ ಮನಸ್ಸಿನಲ್ಲಿ ಇರೋದನ್ನ ಹೇಳಿ ಸರ್."

"ಹೂಂ," ಎಂದವನು ಒಂದು ಮಡಿಕೆಗೆ ಸೂಜಿ ಚುಚ್ಚಿದ.

ಎದುರಿಗಿರುವವರ ಮೌನವನ್ನು ಮುರಿಯಬಾರದೆಂದು ಅವಳಿಗೆ ತರಬೇತಿಯಲ್ಲಿ ಕಲಿಸಿದ್ದರು. ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹನ್ನೊಂದು ನಿಮಿಷ ಇಬ್ಬರೂ ಮೌನವಾಗಿದ್ದರು. ಹನ್ನೆರಡನೆಯ ನಿಮಿಷಕ್ಕೆ ತರಬೇತಿ ಸೋತಿತು. "ಎಷ್ಟು ನೆಮ್ಮದಿ ಸರ್ ಇದು," ಎಂದಳು ಸಮಾಲೋಚಕಿ. "ನಮ್ಮನೇಲಿ ಹೀಗೆ ಒಂದು ನಿಮಿಷ ಸಿಗಲ್ಲ. ನಮ್ಮವರು ಬಾಯಿ ಮುಚ್ಚೋದೇ ಇಲ್ಲ."

"ಹೂಂ?"

ಅಷ್ಟೇ ಸಾಕಾಯಿತು. ಅವಳ ಗಂಡನೂ ಮನೆಯಿಂದಲೇ ಕೆಲಸ ಮಾಡುವವನು. ಲೋಟಕ್ಕೆ ನೀರು ಸುರಿಯುವುದು ಹೇಗೆ, ಬಾಗಿಲು ಹಾಕುವುದು ಹೇಗೆ, ಅವಳ ತಲೆನೋವು ನಿಜವಾಗಿ ಎಲ್ಲಿದೆ, ಎಲ್ಲವನ್ನೂ ಅವಳಿಗೆ ವಿವರಿಸುತ್ತಿದ್ದ. ಎರಡನೆಯ ವಾರ ಅವಳು ಅತ್ತೆಯವರೆಗೆ ಬಂದಳು. ಮೂರನೆಯ ವಾರ ಅತ್ತಳು. ನಾಲ್ಕನೆಯ ವಾರ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದಳು. ಪ್ರತಿ ವಾರವೂ ಮಗಳಿಗೆ ವರದಿ ಹೋಗುತ್ತಿತ್ತು: ಗಮನಾರ್ಹ ಪ್ರಗತಿ, ಅಪರೂಪದ ಕೇಳುಗ.

"ಪ್ರಗತಿ ಆಗಿದೆಯಂತೆ ಅಮ್ಮ," ಎಂದು ಮಗಳು ಓದಿ ಹೇಳಿದಳು.

"ಯಾರಿಗೆ?" ಎಂದಳು ತಾಯಿ. ಕೋಟುಗಳ ಹಿಂದೆ ಕೂತವಳಿಗೆ ಕೇಳಿಸುತ್ತಿದ್ದದ್ದು ಗಂಡನ ಹೂಂ ಒಂದೇ. ಅದರಲ್ಲಿ ಈಗೀಗ ರಾಗಗಳು ಬಂದಿದ್ದವು: ಕನಿಕರದ್ದು, ಆಶ್ಚರ್ಯದ್ದು, ಛೇ ಪಾಪ ಎನ್ನುವಂಥದ್ದು. ಅವಳ ಪಾಲಿಗೆ ಇಷ್ಟು ವರ್ಷ ಒಂದೇ ರಾಗ ಬಂದಿತ್ತು. ಅವಳು ಪೆಟ್ಟಿಗೆ ತೆಗೆದು ಒರೆಸಿಟ್ಟಳು.

ಐದನೆಯ ಬುಧವಾರ ಅವನು ಸಮಾಲೋಚಕಿಯ ಮಾತು ಕೇಳುತ್ತಲೇ ಮೇಜಿನ ಮೇಲೆ ಕಪ್ಪು ಕೋಟಿನ ಬಟ್ಟೆ ಹಾಸಿ ಕತ್ತರಿ ಆಡಿಸುತ್ತಿದ್ದ. ಇಯರ್‌ಫೋನಿನ ತಂತಿಯೂ ಕಪ್ಪು. ಮೂವತ್ತು ವರ್ಷದಲ್ಲಿ ಗೆರೆ ತಪ್ಪದ ಕೈ ಅಂದೂ ಗೆರೆ ತಪ್ಪಲಿಲ್ಲ. ಗೆರೆಯ ಮೇಲೆ ಬಿದ್ದಿದ್ದ ತಂತಿ ಎರಡು ತುಂಡಾಯಿತು. ಅವನು ಗಾಬರಿಯಿಂದ ಫೋನಿನಲ್ಲಿ ಉಳಿದಿದ್ದ ತುಂಡನ್ನು ಕಿತ್ತ. ಸಮಾಲೋಚಕಿಯ ದನಿ ಅಂಗಡಿಯೆಲ್ಲ ತುಂಬಿತು.

"ಜಗತ್ತಿನಲ್ಲಿ ನನ್ನ ಮಾತು ಕೇಳೋರು ನೀವೊಬ್ಬರೇ ಸರ್. ನೀವು ಹೇಳಿದ ಹಾಗೆ ಮಾಡ್ತೀನಿ. ಅವರನ್ನ ಬಿಟ್ಟುಬಿಡಲಾ?"

ಕೋಟುಗಳ ಹಿಂದೆ ಸೂಜಿ ನಿಂತಿತು.

ದರ್ಜಿಯ ಗಂಟಲಿಗೆ ಎಂದಿನ ಹೂಂ ಬಂತು. ಅದನ್ನು ನುಂಗಿದ. ಬಾಯಲ್ಲಿದ್ದ ಆರು ಗುಂಡುಸೂಜಿಗಳನ್ನು ಅಂಗೈಗೆ ಉಗಿದ.

"ಬೇಡ ತಾಯಿ," ಎಂದ. ದನಿ ತುಕ್ಕು ಹಿಡಿದಿತ್ತು. "ನನ್ನನ್ನ ಕೇಳಬೇಡ. ಯೋಚನೆ ಮಾಡದೆ ಹೂಂ ಅನ್ನೋ ಮನುಷ್ಯ ನಾನು. ಹಾಗಂದೇ ನನ್ನ ಹೆಂಡತೀನ ಪರವೂರಿಗೆ ಹೊರಡಿಸಿದೀನಿ. ನಿನ್ನ ಗಂಡನಿಗೆ ಹೊಲಿಗೆ ಕಲಿಸು, ಸರಿಹೋಗ್ತಾನೆ."

ಎರಡು ಕೋಟುಗಳ ನಡುವೆ ಹೆಂಡತಿಯ ಮುಖ ಮೂಡಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು. "ಕಂಡೋರ ಮನೆ ಹುಡುಗಿಗೆ ಬಾಯಿ ಬಿಡ್ತೀರಿ. ಇದು ಲೆಕ್ಕಕ್ಕಿಲ್ಲ. ಪ್ರಶ್ನೆ ಅವಳದ್ದು."

"ಹಾಗಾದ್ರೆ ನಿನ್ನದು ಕೇಳು."

"ನಾನು ಹೋಗಲಾ, ಬೇಡವಾ?"

ಅವನು ಅಳೆದೂ ಸುರಿದೂ ಉತ್ತರಿಸಿದ. "ಹೋಗಬೇಡ. ಅಷ್ಟೊಂದು ಹುಡುಗೀರನ್ನ ಒಬ್ಬಳೇ ಬೈಯೋಕೆ ನಿನಗೆ ವಯಸ್ಸಾಯ್ತು."

ಪೂರ್ತಿ ವಾಕ್ಯವೇ. ಆದರೆ ಅದರ ಮೊದಲ ಪದ ಅವಳ ಕಿವಿಯಲ್ಲಿ ನಿಲ್ಲಲಿಲ್ಲ.

"ಯಾರಿಗ್ರೀ ವಯಸ್ಸಾಗಿದ್ದು? ಸೂಜಿಗೆ ದಾರ ಪೋಣಿಸಿಕೊಡು ಅಂತ ದಿನಾ ಕೈ ಚಾಚೋರು ಯಾರು?"

"ನೀನು ಪೋಣಿಸ್ತೀಯ, ಗಂಟು ಹಾಕಲ್ಲ. ಮದುವೆಯಾದ ವರ್ಷದಿಂದ ಹೇಳಬೇಕು ಅಂತಿದ್ದೆ."

"ಮತ್ತೆ ಹೇಳಬೇಕಿತ್ತು."

"ನಾನು ಅಳತೆ ತಗೋವಾಗ್ಲೇ ನೀನು ಮಾತು ತೆಗೀತೀಯ. ಸೊಂಟ ಮೂವತ್ತೆಂಟು ಅಂತ ನೆನಪಿಟ್ಟುಕೊಳ್ಳಲೋ, ನಿನ್ನ ತಂಗಿ ಪುರಾಣ ಕೇಳಲೋ?"

"ನನ್ನ ತಂಗಿ ಸುದ್ದಿಗೆ ಬಂದ್ರೆ ನೋಡಿ."

"ಇಬ್ಬರೂ ಒಮ್ಮೆ ನಿಧಾನವಾಗಿ ಉಸಿರು ತಗೊಳ್ಳಿ," ಎಂದಳು ಪರದೆಯಿಂದ ಸಮಾಲೋಚಕಿ.

"ನೀನು ಸುಮ್ಮನಿರಮ್ಮ," ಎಂದರು ಗಂಡಹೆಂಡತಿ ಒಟ್ಟಿಗೆ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಇಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

ಬೇರೊಂದು ಕೋಟಿನ ಟ್ರಯಲ್ ನೋಡಲು ಬಂದ ವಕೀಲರೊಬ್ಬರು ಹೊಸ್ತಿಲಲ್ಲೇ ನಿಂತು ಅರ್ಧ ಗಂಟೆ ಕೇಳಿದರು. ತಮ್ಮ ವೃತ್ತಿಗೆ ವಿರುದ್ಧವಾಗಿ ಒಮ್ಮೆಯೂ ಬಾಯಿ ಹಾಕದೆ ಹಿಂದಿರುಗಿದರು.

ಜಗಳ ಊಟದವರೆಗೆ ನಡೆಯಿತು, ಊಟವಾದ ಮೇಲೆ ಮುಂದುವರಿಯಿತು. ಮರುದಿನ ಬೇಗ ಅಂಗಡಿ ತೆರೆದು ಅದನ್ನೇ ಹಿಡಿದರು. ಹೆಂಡತಿಗೆ ಇದು ಹೊಸ ಅನುಭವ. ತಾನು ಒಂದೆಸೆದರೆ ಆ ಕಡೆಯಿಂದ ಒಂದು ವಾಪಸು ಬರುತ್ತಿತ್ತು. ಆರನೆಯ ವಾರದ ಹೊತ್ತಿಗೆ ಅವರ ದೂರುಗಳು ಮದುವೆಯ ಮೂರನೆಯ ವರ್ಷವನ್ನು ಮಾತ್ರ ದಾಟಿದ್ದವು. ಸಮಾಲೋಚಕಿ ಕೊನೆಯ ಬುಧವಾರ ಕರೆ ಮಾಡಿದಳು, ಯಾರೂ ಎತ್ತಲಿಲ್ಲ.

ಗಡುವಿನ ದಿನ ಹಾಸ್ಟೆಲಿನವರು ಫೋನ್ ಮಾಡಿ, ಯಾವಾಗ ಬಂದು ಸೇರುತ್ತೀರಿ ಎಂದು ಕೇಳಿದರು.

"ಬರೋಕಾಗಲ್ಲ," ಎಂದಳು ಅವಳು. "ಇವರದ್ದೇ ಇನ್ನೂ ಮುಗಿದಿಲ್ಲ, ನಂದು ಶುರುವೇ ಆಗಿಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."