ಮಾಸ್ತರಿಗೆ ಯಾರು ಕೇಳಬೇಕು?

ಗುಡೂರಿನ ಸಾಲ್ಯಾಗ ನಮಗ ಗಣಿತ ಕಲಿಸಿದ ಮಾಸ್ತರರಿಗೆ ಎದುರು ಪ್ರಶ್ನಿ ಕೇಳಿದ ಗಂಡಸುಮಗ ಇನ್ನೂ ಹುಟ್ಟಿಲ್ಲ. ಪಾಠ ಮುಗಿದ ಮ್ಯಾಲ "ಯಾರಿಗರ ಡೌಟ್ ಐತೇನ್ರಲೇ?" ಅಂತ ಅವರು ಕೇಳತಿದ್ದರು, ಖರೆ. ಆದ್ರ ಹಂಗ ಕೇಳುವಾಗ ಛಡಿ ಕೈಯಾಗ ಇರತಿತ್ತು. ಐತ್ರಿ ಅಂದವನಿಗೆ "ಇಷ್ಟೊತ್ತು ಕತ್ತಿ ಕಾಯಾಕ ಹೋಗಿದ್ದೇನಲೇ?" ಅಂತ ಬೆನ್ನ ಮ್ಯಾಲ ಉತ್ತರ ಸಿಗತಿತ್ತು. ಹಿಂಗಾಗಿ ನಾವೆಲ್ಲಾ ಡೌಟ್ ಇಲ್ಲದ ಮಂದಿಯಾಗಿ ಬೆಳದ್ವಿ. ನಮ್ಮೊಳಗ ಒಬ್ಬಾಂವ ಸರ್ಜನ್ ಆದ, ಒಬ್ಬಾಕಿ ನರ್ಸ್ ಆದಳು, ನಾ ಅರಿವಳಿಕೆ ಡಾಕ್ಟರ್ ಆದೆ. ಮೂವರೂ ಇಳಕಲ್ಲಿನ ಒಂದು ದವಾಖಾನ್ಯಾಗ ಬಂದು ಕೂಡಿದ್ವಿ.

ರೋಗಿ ಸುರಕ್ಷಿತ ಇರಬೇಕಂದ್ರ ಏನ್ ಮಾಡಬೇಕು ಅಂತ ಬಾಗಲಕೋಟ್ಯಾಗ ಒಂದು ಶಿಬಿರ ಆತು. ತಪ್ಪು ಆಗೂದು ಡಾಕ್ಟರಿಗೆ ಬುದ್ಧಿ ಕಡಿಮಿ ಆಗಿ ಅಲ್ಲ, ಬಾಜೂಕ ನಿಂತವರು ಬಾಯಿ ಮುಚ್ಚಿಕೊಂಡಿದ್ದಕ್ಕ. ಅದಕ್ಕ ಸಣ್ಣವರು ದೊಡ್ಡವರನ್ನ ಅಂಜದ ಕೇಳಬೇಕು ಅಂತ ಹಿರಿಯ ಡಾಕ್ಟರೊಬ್ಬರು ಭಾಷಣ ಮಾಡಿದರು. ನಡುವ ಅವರ ಮೈಕ್ ಬಂದ್ ಬಿತ್ತು. ಅಷ್ಟು ದೊಡ್ಡವರಿಗೆ ಹೆಂಗ ಹೇಳೂದು ಅಂತ ಯಾರೂ ಹೇಳಲಿಲ್ಲ. ಹಿಂದಿನವರು ಏನೂ ಕೇಳಸದಿದ್ರೂ ಚಪ್ಪಾಳಿ ಹೊಡದರು. ಆಮ್ಯಾಲ ಎಲ್ಲಾರೂ ಮಾದಲಿ ಉಂಡು ಬಂದ್ವಿ.

ಅಲ್ಲಿ ಕೊಟ್ಟ ಪ್ರಶ್ನಿಗಳ ಹಾಳಿ ತಂದು ನಾ ನಮ್ಮ ಆಪರೇಶನ್ ಥೇಟರಿನ ಗ್ವಾಡಿಗೆ ಹಚ್ಚಿದೆ. ನಿಮ್ಮ ಹೆಸರೇನು, ಯಾವ ಆಪರೇಶನ್, ಯಾವ ಬದಿ, ಏನರ ತಿಂದೀರೇನು, ಹಲ್ಲು ಸ್ವಂತದ್ದಾವೇನು? ರೋಗಿಯನ್ನ ಮಲಗಿಸೂಕಿಂತ ಮದಲ ಕೇಳೂ ಪ್ರಶ್ನಿ ಇವು. ಯಾರ ಬಂದ್ರೂ ಕೇಳತಿದ್ವಿ.

ಒಂದಿನ ಹರ್ನಿಯಾ ಅಂತ ನಮ್ಮ ಮಾಸ್ತರರು ಬಂದರು ನೋಡ್ರಿ, ಇಡೀ ದವಾಖಾನಿ ಕೈಕಟ್ಟಿ ನಿಂತಿತು. ನಮ್ಮ ಜೋಡಿ ಕಲಿತ ಸಿಸ್ಟರ್ ಮಾಸ್ತರರ ಹೆಸರು ಕೇಳಲಿಲ್ಲ. "ಮಾಸ್ತರಿಗೆ ನಿಮ್ಮ ಹೆಸರೇನ್ರಿ ಅಂತ ಕೇಳಲೇನ್ರಿ? ನಾಲಿಗಿ ಸೇದತೈತಿ" ಅಂದಾಕಿನ ಹಾಳಿ ಮ್ಯಾಲ ಗುರುತು ಹಾಕಿದಳು. ಸರ್ಜನ್ ಅಂತೂ ಗುರುಗಳ ಧೋತರ ಸರಿಸೂದು ಹೆಂಗ ಅಂತ ನಾಚಿ, ಅರ್ಧ ಕಣ್ಣು ಮುಚ್ಚಿ, ಕೊಯ್ಯೂ ಬದಿ ತೋರಸಾಕ ಪೆನ್ನಿಲೆ ಒಂದು ಬಾಣದ ಗುರುತು ಹಾಕಿ ಹೊರಗ ಬಂದ. ಏನೂ ತಿಂದಿಲ್ಲ ಅಂತ ಅವರ ಮಗ ಹೇಳಿದ. ಉಳದದ್ದು ಹಲ್ಲಿನ ಪ್ರಶ್ನಿ, ಅದು ನನ್ನ ಕೊರಳಿಗೆ ಬಿತ್ತು.

ಬೆನ್ನು ಸೊಟ್ಟ ಆಗಿ ಅಲ್ಲಿ ಸೂಜಿ ಚುಚ್ಚಾಕ ಬರಲಾರದ್ದಕ್ಕ ಅವರನ್ನ ಪೂರಾ ನಿದ್ದಿ ಮಾಡಸಬೇಕಿತ್ತು. ಹಂಗ ಮಲಗಿಸಿದಾಗ ಕಟ್ಟಿಸಿದ ಹಲ್ಲು ಸಡಿಲಾಗಿ ಗಂಟಲಕ್ಕ ಜಾರಿದ್ರ ಉಸಿರು ನಿಂತಂಗ. ಮಾಸ್ತರರ ಹಲ್ಲು ನೋಡಿದ್ರ ಗೊಂಜಾಳ ತೆನಿಯಂಗ ಸಾಲಾಗಿ ಹೊಳಿತಿದ್ದವು. ಆ ವಯಸ್ಸಿಗೆ ಅಷ್ಟು ಛಂದ ಹಲ್ಲು ಯಾರಿಗಿರತಾವ?

"ಬ್ಯಾಡಪಾ" ಅಂದ ಸರ್ಜನ್, "ನಾಲ್ಕು ಮಂದ್ಯಾಗ ಅವರ ಮರ್ಯಾದಿ ಪ್ರಶ್ನಿ."

ನನಗ ಸಿಟ್ಟು ನೆತ್ತಿಗೇರಿತು. "ಮರ್ಯಾದಿಲೆ ಉಸಿರಾಡಸತೀಯೇನಲೇ?" ಅಂದೆ. ಅಂದದ್ದು ಅವಗ. ಮಾಸ್ತರರ ಮುಂದ ಹೋಗಿ ನಿಂತಾಗ ನನ್ನ ಕೈ ತಾವಾಗಿನ ಎದಿ ಮ್ಯಾಲ ಕಟ್ಟಿಕೊಂಡವು.

"ಸರ, ಒಂದು ಡೌಟ್ ರೀ."

"ಕೇಳ್."

"ನಿಮ್ಮ ಹಲ್ಲು... ಸ್ವಂತದ್ದಾವೇನ್ರಿ?"

ಸಿಸ್ಟರ್ ಗ್ವಾಡಿ ಕಡೆ ತಿರುಗಿದಳು. ಮಾಸ್ತರರು ನನ್ನನ್ನ ಅದ ಸಾಲಿ ಕಣ್ಣಿಲೆ ನೋಡಿದರು. ಅವರ ಕೈ ಮ್ಯಾಲೆದ್ದಾಗ ನಾ ಕಿವಿ ಮುಚ್ಚಿಕೊಂಡು ಹಿಂದ ಸರದೆ. ಆ ಕೈ ಅವರ ಬಾಯಿಗೇ ಹೋತು. ಹಲ್ಲಿನ ಸೆಟ್ ತಗದು ನನ್ನ ಅಂಗೈಯಾಗ ಇಟ್ಟರು. ಗಲ್ಲ ಒಳಗ ಹೋಗಿ, ಯಾರದೋ ಮನಿ ಮುತ್ತ್ಯಾನಂಗ ಕಂಡರು. ನನಗ ಕೆಟ್ಟ ಅನಸಿತು.

"ಸಾಲ್ಯಾಗ ಒಮ್ಮೆರ ಏನೂ ಕೇಳಲಿಲ್ಲಲ್ಲಲೇ ನೀ. ಯಾಕ?" ಅಂದರು ಬೊಚ್ಚು ಬಾಯಿಲೆ.

"ಅಂಜಿಕಿ ರೀ ಸರ."

ಅವರು ಟೇಬಲ್ ಮ್ಯಾಲ ಅಂಗಾತ ಮಲಗಿದರು. ನಾ ಮಾಸ್ಕ್ ಕೈಗೆ ತಗೊಂಡು ಬಾಗಿದಾಗ ನನ್ನ ಮುಂಗೈ ಹಿಡದರು.

"ನಂದೂ ಒಂದು ಡೌಟ್ ಐತಿ. ಕೇಳಲೇನು?"

"ಕೇಳ್ರಿ ಸರ."

"ನನಗ ಹರ್ನಿಯಾ ಆಗಿದ್ದು ಎಡಕ್ಕ. ಅಂವ ಬಾಣ ಬಲಕ್ಕ ಬರದಾನ."

ಸರ್ಜನ್ ಹೊದಿಕಿ ಸರಿಸಿ ನೋಡಿದ, ಈ ಸಲ ಎರಡೂ ಕಣ್ಣು ತಗದು. ಅವನ ಮಾರಿ ಬಿಳಚಿಕೊಂಡಿತು.

"ಮುಂಜಾನಿಂದ ಸುಮ್ಮನ ಮಲಗೀರಲ್ರಿ ಸರ! ಆವಾಗನ ಹೇಳಬಾರದಿತ್ತೇನ್ರಿ?" ನನ್ನ ದನಿ ಏರಿತು.

ಮಾಸ್ತರರು ಕಣ್ಣು ತಗ್ಗಿಸಿದರು.

"ಕೇಳಿದ್ರ ಎಲ್ಲಿ ಬೈತೀರೋ ಅಂತ ಸುಮ್ಮನಿದ್ದೆ."